ಎಡೆದೊರೆ ನಾಡಿನ ದೀಪದ ಹುಳಗಳು

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ದಸರಾ, ದೀಪಾವಳಿ ಹೊತ್ತಿಗೆ ಮನೆ ಸುತ್ತ ಕಾಣುವ ದೊಡ್ಡ ಹುಳಗಳ ಚರಿತ್ರೆ ಇಲ್ಲಿನ ಬೆಳೆಗಳ ಚರಿತ್ರೆಯೂ ಹೌದು. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ಮೊದಲು ಎರೆಭೂಮಿಯ ಜೋಳ, ಹತ್ತಿಗಳ ಸೀಮೆಯಾಗಿತ್ತು.

ದಖ್ಖನ್ನಿನ ಜೋಳದ ಹೊಲಗಳಿಗೆ ಆಗ ರೆಕ್ಕೆಯಿಲ್ಲದ ದೊಡ್ಡ ಮಿಡತೆಯ ಕಾಟವಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಕೀಟತಜ್ಞ ಕುಂಞಿ ಕಣ್ಣನ್ ಅವರೊಂದಿಗೆ 1911ರಲ್ಲಿ ಅದರ ಮೇಲೆ ಪುಸ್ತಿಕೆ ಹೊರತಂದರು. ಆ ಮಿಡತೆಯ ಶಾಸ್ತ್ರೀಯ ಹೆಸರು ಕೋಲ್ಮೇನಿಯಾ. ಮಣ್ಣಿನೊಳಗಿನ ಮೊಟ್ಟೆ ಮುಂಗಾರಿಗೆ ಒಡೆಯುತ್ತದೆ. ಮರಿ ಬದುವಿನ ಹುಲ್ಲು ಮೇಯ್ದು ಜೋಳಕ್ಕೆ ಏರುತ್ತದೆ. ಮಳೆಗಾಲ ಮುಗಿಯುವಾಗ ಬಲಿತು ತೆನೆಗೇ ಬಾಯಿ ಹಾಕುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ರೆಕ್ಕೆಯಿಲ್ಲದ್ದರಿಂದ ಅದು ದೀಪಕ್ಕೆ ಹಾರಿ ಬರುವಂತಿರಲಿಲ್ಲ. ಅದರ ಭಯ ಹೊಲದ್ದು, ಮನೆಯದ್ದಲ್ಲ.

1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಬಿಟ್ಟ ಮೇಲೆ ಚಿತ್ರ ತಿರುಗಿತು. ಎಡದಂಡೆ ಕಾಲುವೆಯ ಜೊತೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿಂಧನೂರು ಭತ್ತದ ಕಣಜವಾಯಿತು. ನಿಂತ ನೀರೂ ವಿದ್ಯುತ್ ದೀಪವೂ ಕೂಡಿದಾಗ ನೀರಿನ ಹುಳಗಳಿಗೆ ಮನೆಯ ದಾರಿ ತೆರೆಯಿತು.

ಅವುಗಳಲ್ಲಿ ನೋಡಿದವರು ಬೆಚ್ಚುವಂಥದ್ದು ದೊಡ್ಡ ನೀರುತಿಗಣೆ. ಕಂದು ಬಣ್ಣದ ಚಪ್ಪಟೆ ಮೈ, ಸುಮಾರು 7 ಸೆಂ.ಮೀ. ಉದ್ದ, ಬೇಟೆಯನ್ನು ಬಿಗಿಹಿಡಿಯುವ ಮುಂಗಾಲು, ಬಾಲದ ತುದಿಯಲ್ಲಿ ಉಸಿರಾಟದ ಗಿಡ್ಡ ಕೊಳವೆ. ನೀರಿನಲ್ಲಿ ಗೊದಮೊಟ್ಟೆ, ಸಣ್ಣ ಮೀನುಗಳನ್ನು ಹಿಡಿದು ರಸ ಹೀರುತ್ತದೆ. ರಾತ್ರಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹಾರುವಾಗ ಬೀದಿದೀಪಕ್ಕೆ ಮರುಳಾಗಿ ಕಟ್ಟೆಯ ಮೇಲೆ ಅಂಗಾತ ಬೀಳುತ್ತದೆ. ಬರಿಗೈಯಲ್ಲಿ ಹಿಡಿದರೆ ಕಚ್ಚುತ್ತದೆ. ನೋವು ವಿಪರೀತ, ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಇಂಥ ಹುಳದಲ್ಲಿ ಮೊಟ್ಟೆ ಕಾಯುವವನು ಗಂಡು ಎಂಬುದು ನಿಜಕ್ಕೂ ಬೆರಗಿನ ಸಂಗತಿ. ನೀರಿನಿಂದ ಮೇಲೆದ್ದ ಕಡ್ಡಿಗೆ ಅಂಟಿದ ಮೊಟ್ಟೆಗಳು ಒಣಗದಂತೆ ಅವನು ಮತ್ತೆ ಮತ್ತೆ ತೋಯಿಸುತ್ತಾನೆ. ಪೊರಕೆಯಿಂದ ಬಡಿದು ಕೊಲ್ಲುವ ಬದಲು ಮೊರಕ್ಕೆ ತಳ್ಳಿ ಕಾಲುವೆಗೆ ಬಿಡುವುದು ಸರಿ.

ಭತ್ತ ತೆನೆಗಟ್ಟುವ ಅಕ್ಟೋಬರಿನಲ್ಲಿ ಜಿಗಿಹುಳುಗಳಂಥ ಸಣ್ಣವೂ ದೀಪಕ್ಕೆ ಮುತ್ತುತ್ತವೆ. ಈ ಸ್ವಭಾವವೇ ಹೊಲದಲ್ಲಿ ದೀಪದ ಬಲೆ ಇಡುವ ಪದ್ಧತಿಗೆ ಆಧಾರ.

ನೀರು ಎಲ್ಲ ಕಡೆಗೂ ಒಂದೇ ಕಾಲಕ್ಕೆ ಬರಲಿಲ್ಲ. ಲಿಂಗಸುಗೂರು ತಾಲೂಕಿನ ಒಂದು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ತಡವಾಗಿ ತಲುಪಿತು. ಮಸ್ಕಿಯ ಪಾಮನಕಲ್ಲೂರು ಸುತ್ತಿನ ರೈತರು ಅದೇ ಬಲದಂಡೆಯ 5ಎ ಕಾಲುವೆಗಾಗಿ 2020ರಲ್ಲಿ ಹೋರಾಟಕ್ಕೆ ಕುಳಿತರು. ಮಳೆಯನ್ನೇ ನಂಬಿದ ಇಂಥ ಊರುಗಳ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ನೀರಿನ ಹುಳಕ್ಕಿಂತ ಚೇಳು, ಜರಿಗಳ ಅಂಜಿಕೆಯೇ ಹೆಚ್ಚು.