ಸಭಾಗಾನವೂ ಧ್ವನಿಮುದ್ರಿಕೆಯೂ

ವಿಜಯನಗರದ ಅರಮನೆಯೊಳಗಿನ ನಾಟ್ಯಶಾಲೆಯೊಂದನ್ನು ಪೋರ್ತುಗೀಸ್ ಪ್ರವಾಸಿಯಾದ ಡೊಮಿಂಗೊ ಪೇಯಸನು ೧೫೨೦ರ ಸುಮಾರಿನಲ್ಲಿ ಕಂಡು ವರ್ಣಿಸಿರುವನು. ಒಂದೊಂದು ನೃತ್ಯವು ಮುಗಿಯುವಾಗ ನರ್ತಕಿಯು ನಿಲ್ಲಬೇಕಾದ ಭಂಗಿಯನ್ನು ಅಲ್ಲಿಯ ಫಲಕಗಳಲ್ಲಿ ಕಂಡರಿಸಿದ್ದರೆಂದೂ, ಮರೆತವಳು ಅದನ್ನು ನೋಡಿ ನೆನೆದುಕೊಳ್ಳುತ್ತಿದ್ದಳೆಂದೂ ಅವನು ಹೇಳುವನು. ಫಲಕವು ಉಳಿಸಿಕೊಟ್ಟುದು ಕಡೆಯ ನಿಲುವನ್ನು ಮಾತ್ರ. ಆ ನಿಲುವಿಗೆ ಕರೆತಂದ ಲಯವನ್ನಲ್ಲ. ಚಿತ್ತವಾಡ್ಗಿಯಿಂದ ಕೆಲವೇ ಮೈಲಿಗಳಾಚೆ ಮಹಾನವಮಿ ದಿಬ್ಬದ ಮೇಲೆ ನರ್ತಕಿಯರೂ ವಾದ್ಯಗಾರರೂ ಇಂದಿಗೂ ಕಲ್ಲಿನಲ್ಲಿ ನಿಂತಿರುವರು. ಅವರು ನುಡಿಸಿದ ಜತಿ ಯಾವುದೆಂದು ಹೇಳಬಲ್ಲವರಿಲ್ಲ.

ಈ ಕೊರತೆಯನ್ನು ನೀಗಿದುದು ಯಂತ್ರ. ಆದರೆ ಅದೂ ಒಮ್ಮೆಲೇ ನೀಗಲಿಲ್ಲ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳು ಗ್ರಾಮಫೋನಿಗೆ ಹಾಡಿದಾಗ ಇದ್ದ ಅವಕಾಶ ಸುಮಾರು ಮೂರು ನಿಮಿಷ. ಎದುರಿಗೆ ಸಹೃದಯರ ಸಭೆಯಿಲ್ಲ, ಕಹಳೆಯ ಬಾಯಿ ಮಾತ್ರ. ೧೯೪೮ರಲ್ಲಿ ದೀರ್ಘಮುದ್ರಿಕೆಯು ಬಂದು, ಕಾಂತಪಟ್ಟಿಯ ಯಂತ್ರವೂ ಬಳಕೆಗೆ ಬಂದ ಮೇಲೆ ಸಭೆಯಲ್ಲಿ ನಡೆದ ಗಾನವನ್ನೇ ಹಿಡಿದಿಡುವುದು ಸುಲಭವಾಯಿತು. ಪಾಶ್ಚಾತ್ಯರು ಇದನ್ನು 'ಲೈವ್' ಎನ್ನುವರು. ಹಾರ್ಡ್ ರಾಕ್ ಪದ್ಧತಿಯ ಇಂಗ್ಲಿಷ್ ಮೇಳವಾದ ಡೀಪ್ ಪರ್ಪಲ್ ೧೯೭೨ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೋ ನಗರಗಳಲ್ಲಿ ನಡೆಸಿದ ಕಚೇರಿಗಳ ಮುದ್ರಿಕೆಯು ಇದಕ್ಕೆ ಪ್ರಸಿದ್ಧ ನಿದರ್ಶನ. ಮುದ್ರಣಶಾಲೆಯಲ್ಲಿ ಐದು ನಿಮಿಷವೂ ಇಲ್ಲದಿದ್ದ ಒಂದು ಹಾಡು ಅಲ್ಲಿ ಇಪ್ಪತ್ತು ನಿಮಿಷದಷ್ಟು ಬೆಳೆದು, ತಟ್ಟೆಯ ಒಂದು ಮಗ್ಗುಲನ್ನೇ ತುಂಬಿತು. ನಮ್ಮಲ್ಲಿ ಕೃತಿಯೊಂದು ಸಭೆಯೆದುರಿಗೆ ನೆರವಲು, ಕಲ್ಪನಾಸ್ವರಗಳಿಂದ ಬೆಳೆಯುವ ರೀತಿಯೂ ಇಂತಹುದೇ.

ಈ ಎರಡು ಪದ್ಧತಿಗಳು ಕನ್ನಡನಾಡಿನ ಮೂಲಕ ಸಂಧಿಸಿದ ವೃತ್ತಾಂತವುಂಟು. ಮೃದಂಗವಿದ್ವಾನ್ ಟಿ. ಎ. ಎಸ್. ಮಣಿಯವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದರು. ಅವರ ಪತ್ನಿ ಆರ್. ಎ. ರಮಾಮಣಿಯವರು ಗಾಯಕಿ. ೧೯೬೯ರಲ್ಲಿ ಮ್ಯೂನಿಕ್ ನಗರದಲ್ಲಿ ಹುಟ್ಟಿದ ಎಂಬ್ರಿಯೋ ಎಂಬ ಪ್ರೊಗ್ರೆಸಿವ್ ರಾಕ್ ಮೇಳದವರು ೧೯೭೮ರಲ್ಲಿ ಮೋಟಾರು ವಾಹನಗಳನ್ನೇರಿ, ಭೂಮಾರ್ಗವಾಗಿಯೇ ಭರತಖಂಡಕ್ಕೆ ಹೊರಟುಬಂದರು. ಇವರೂ ಬೆಂಗಳೂರಿನ ವಿದ್ವಾಂಸರೂ ಕೂಡಿ ನುಡಿಸಿದ 'ಲೈಫ್' ಎಂಬ ಮುದ್ರಿಕೆಯು ೧೯೮೦ರಲ್ಲಿ ಹೊರಬಿದ್ದಿತು. ಹಿಂದೆ ಎಂಬ್ರಿಯೋ ಮೇಳದಲ್ಲಿ ನುಡಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಇದೇ ವಿದ್ವಾಂಸರೊಡನೆ ೧೯೮೩ರಲ್ಲಿ ಜರ್ಮನಿಯ ಮುದ್ರಣಶಾಲೆಯಲ್ಲಿ 'ಜ್ಯೋತಿ'ಯನ್ನು ನುಡಿಸಿದನು. ತರುವಾಯ ಸಭೆಯಲ್ಲಿಯೇ ಹಿಡಿದ 'ಲೈವ್' ಎಂಬುದೂ ಪ್ರಕಟವಾಯಿತು.

ಭಾಷೆಯರಿಯದವರಿಗೆ ಈ ಕೂಟವು ಹೇಗೆ ಸಾಧ್ಯವಾಯಿತು? ಉತ್ತರವು ಕೊನ್ನಕೋಲಿನಲ್ಲಿದೆ. ರಾಕ್ ಗಾನದ ನಡೆಯು ಸಾಮಾನ್ಯವಾಗಿ ನಾಲ್ಕರ ಎಣಿಕೆಯದು. ಪ್ರೊಗ್ರೆಸಿವ್ ಪಂಗಡದವರು ಐದು, ಏಳರ ನಡೆಗಳನ್ನು ಅರಸುತ್ತಿದ್ದರು. ನಮ್ಮಲ್ಲಿ ಖಂಡಛಾಪು, ಮಿಶ್ರಛಾಪುಗಳು ಬಾಲಪಾಠದ ವಸ್ತು. 'ತಕಿಟ ತಕಧಿಮಿ' ಎಂದು ಬಾಯಲ್ಲಿ ಹೇಳಿದರೆ ಮೂರೂ ನಾಲ್ಕೂ ಸೇರಿ ಏಳಾಯಿತು. ಇದಕ್ಕೆ ನಿಘಂಟು ಬೇಡ. ಮುಕ್ತಾಯದಲ್ಲಿ ಎಲ್ಲರೂ ಒಂದೇ ಸಮಕ್ಕೆ ಬಂದು ಸೇರಿದಾಗ ಸಭೆಯು ತಾನಾಗಿಯೇ ತಲೆದೂಗುವುದು. ಸಭಾಮುದ್ರಿಕೆಯು ಹಿಡಿದಿಡುವುದು ಆ ಕ್ಷಣವನ್ನು.

ಈ ಮೂರು ಮುದ್ರಿಕೆಗಳನ್ನೂ ಪ್ರಕಟಿಸಿದವರು ಜರ್ಮನ್ನರೆಂಬುದು ವಿಚಾರಾರ್ಹ. ಬೆಂಗಳೂರಿನ ಲಯಕ್ಕೆ ಪರದೇಶದಲ್ಲಿ ದೊರೆತ ರಕ್ಷಣೆಯು ಹೊಸಪೇಟೆ, ಸಂಡೂರು, ಕಂಪ್ಲಿಗಳ ತಾಷಾ, ರಾಂಡೋಲು, ಡೊಳ್ಳುಗಳಿಗೆ ಸ್ವದೇಶದಲ್ಲಾದರೂ ದೊರೆಯಬೇಡವೆ? ಈಗ ಯಂತ್ರವು ಎಲ್ಲರ ಕೈಯಲ್ಲಿದೆ. ಆದರೆ ಜಾತ್ರೆಯ ತುಣುಕುಗಳನ್ನು ಹಿಡಿಯುವುದು ಬೇರೆ. ಒಂದು ಮೇಳವನ್ನು ಆದಿಯಿಂದ ಅಂತ್ಯದವರೆಗೆ ಮುದ್ರಿಸಿ, ನುಡಿಸಿದವರ ಹೆಸರು, ಊರು, ತಿಥಿಗಳನ್ನು ಬರೆದಿಡುವುದು ಬೇರೆ. ಎರಡನೆಯದನ್ನು ಮಾಡದಿದ್ದರೆ, ದಿಬ್ಬದ ಮೇಲಿನ ವಾದ್ಯಗಾರರ ವಿಷಯದಲ್ಲಿ ನಾವು ಕೇಳುವ ಪ್ರಶ್ನೆಯನ್ನೇ ಮುಂದಿನವರು ನಮ್ಮ ವಿಷಯದಲ್ಲಿಯೂ ಕೇಳಬೇಕಾದೀತು.