ಗೋಪಿನಾಥಂನಲ್ಲಿ ಒಂದು ಅಭಯದಾನ

ಭಯ ಆವರಿಸಿದ ಕಾಲದಲ್ಲಿ ಮನುಷ್ಯನು ಹಳೆಯ ದಾರಿಯನ್ನೇ ಹಿಡಿಯುತ್ತಾನೆ. ಆ ದಾರಿಯಿಂದ ಫಲ ದೊರೆಯುತ್ತಿಲ್ಲವೆಂದು ತಿಳಿದ ಮೇಲೂ ಅದನ್ನು ಬಿಡಲು ಧೈರ್ಯ ಸಾಲುವುದಿಲ್ಲ. ಅಂತಹ ಕಾಲದಲ್ಲಿ ಹೊಸದೊಂದನ್ನು ಕೈಗೊಂಡು, ಅದಕ್ಕಾಗಿ ಪ್ರಾಣವನ್ನೇ ತೆತ್ತ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಚರಿತ್ರೆ ನಮ್ಮ ನಾಡಿನಲ್ಲಿಯೇ ನಡೆದುದು, ಧರ್ಮಚಿಂತನೆಗೆ ಯೋಗ್ಯವಾದುದು.

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ಹಾದು ಹೋಗುವ ರಸ್ತೆ ಮಲೆ ಮಹದೇಶ್ವರ ಬೆಟ್ಟವನ್ನು ಸೇರುತ್ತದೆ. ಶಿವರಾತ್ರಿ, ದೀಪಾವಳಿಗಳ ಜಾತ್ರೆಗೆ ಭಕ್ತರು ಕಾಲ್ನಡಿಗೆಯಲ್ಲಿ ಸಾಗುವ ಈ ಯಾತ್ರಾಮಾರ್ಗವು ಒಂದು ಕಾಲದಲ್ಲಿ ಭಯದ ಮಾರ್ಗವೂ ಆಗಿತ್ತು. ಬೆಟ್ಟವನ್ನು ದಾಟಿ ಪಾಲಾರಿನ ಕಡೆ ಇಳಿದರೆ, ತಮಿಳುನಾಡಿನ ಗಡಿಗೆ ಹೊಂದಿಕೊಂಡಂತೆ ಗೋಪಿನಾಥಂ ಎಂಬ ಊರಿದೆ. ಆನೆಗಳನ್ನು ಕೊಂದು ದಂತವನ್ನೂ, ಕಾಡು ಕಡಿದು ಶ್ರೀಗಂಧವನ್ನೂ ಸಾಗಿಸುತ್ತಿದ್ದ ವೀರಪ್ಪನ್ ಹುಟ್ಟಿದ ಊರು ಅದೇ. 1986ರಲ್ಲಿ ಸೆರೆಸಿಕ್ಕ ಅವನು ಅರಣ್ಯ ಇಲಾಖೆಯ ವಶದಿಂದ ತಪ್ಪಿಸಿಕೊಂಡನು. 1990ರಲ್ಲಿ ಅವನನ್ನು ಹಿಡಿಯಲು ವಿಶೇಷ ಕಾರ್ಯಪಡೆ ರಚನೆಯಾಯಿತು.

ಆಗ ಗ್ರಾಮಸ್ಥರ ಸ್ಥಿತಿ ಶೋಚನೀಯವಾಗಿತ್ತು. ಸುಳಿವು ಕೊಟ್ಟರೆ ವೀರಪ್ಪನ್ ತಂಡದ ಸೇಡು. ಮೌನವಾಗಿದ್ದರೆ ಅಧಿಕಾರಿಗಳ ಸಂಶಯ. ಕಳ್ಳನ ಊರಿನವರೆಂಬ ಹಣೆಪಟ್ಟಿಯಂತೂ ಯಾರನ್ನೂ ಬಿಡಲಿಲ್ಲ. ಹೊಟ್ಟೆಪಾಡಿಗಾಗಿ ತಂಡವನ್ನು ಸೇರಿದ್ದವರಿಗೂ ಹಿಂದಿರುಗುವ ಬಾಗಿಲು ಮುಚ್ಚಿದಂತಿತ್ತು.

ಶ್ರೀನಿವಾಸ್ ಅವರು 1954ರಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಜನಿಸಿದರು. ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದ ಅವರಿಗೆ ಈ ಕಾಡುಗಳ ಪರಿಚಯ ಚೆನ್ನಾಗಿತ್ತು. ಕಾಡಿನಲ್ಲಿ ಅಡಗಿದವನ ಬಲವೆಲ್ಲ ಊರಿನಲ್ಲಿಯೇ ಇದೆ. ಅನ್ನ, ಸುದ್ದಿ, ನೆಂಟಸ್ತಿಕೆ ಎಲ್ಲವೂ ಅವನಿಗೆ ಬರುವುದು ಅಲ್ಲಿಂದಲೇ ಎಂಬುದು ಸ್ಪಷ್ಟವಾಗಿತ್ತು. ಊರನ್ನು ದಂಡಿಸಿ ಆ ಎಳೆಯನ್ನು ಕತ್ತರಿಸುವುದು ಎಲ್ಲರಿಗೂ ತೋಚುವ ಮಾರ್ಗ. ಶ್ರೀನಿವಾಸ್ ಅವರು ಊರಿನ ವಿಶ್ವಾಸವನ್ನೇ ಗಳಿಸಲು ಹೊರಟರು. ಹಿಡಿಯಬೇಕಾದವನ ಊರಿನಲ್ಲಿಯೇ ಅವರು ವಾಸ ಹೂಡಿದರು. ಕುಡಿಯುವ ನೀರಿಗೆ ವ್ಯವಸ್ಥೆ ಮಾಡಿಸಿದರು. ರೋಗಿಗಳಿಗೆ ಸಂಚಾರಿ ಚಿಕಿತ್ಸಾಲಯದ ಮೂಲಕ ಔಷಧಿ ಒದಗಿಸಿದರು. ಗ್ರಾಮದೇವತೆ ಮಾರಿಯಮ್ಮನ ದೇಗುಲದ ನಿರ್ಮಾಣಕ್ಕೆ ತಾವೇ ಮುಂದಾದರು. ತಂಡದಲ್ಲಿದ್ದವರ ಮನೆಯವರೊಡನೆ ಮಾತನಾಡಿ, ಶರಣಾದರೆ ಕಾನೂನಿನ ಪ್ರಕಾರವೇ ನಡೆಸಿಕೊಳ್ಳಲಾಗುವುದೆಂಬ ಭರವಸೆಯಿತ್ತರು. ಆ ಮಾತನ್ನು ನಂಬಿ ಹಲವರು ಕಾಡಿನಿಂದ ಹೊರಬಂದರು.

ನಮ್ಮ ಆಚಾರ್ಯರು ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಮೊದಲ ಮೂರನ್ನು ಕೊಡಲು ದ್ರವ್ಯವೂ ವಿದ್ಯೆಯೂ ಇದ್ದರೆ ಸಾಕು. ಅಭಯವನ್ನು ಕೊಡುವವನು ಮಾತ್ರ ತನ್ನ ಭಯವನ್ನು ಮೊದಲು ಗೆಲ್ಲಬೇಕು. ಗೋಪಿನಾಥಂನಲ್ಲಿ ನಡೆದುದು ಇಂತಹ ಅಭಯದಾನ.

ತಾನೂ ಶರಣಾಗುವೆನು, ಆದರೆ ಆಯುಧವಿಲ್ಲದೆ ಬರಬೇಕು ಎಂಬ ಸಂದೇಶ ವೀರಪ್ಪನ್ ಕಡೆಯಿಂದ ಅವನ ತಮ್ಮ ಅರ್ಜುನನ್ ಮೂಲಕ ಬಂದಿತು. 1991ರ ನವೆಂಬರ್ 10ರಂದು ಶ್ರೀನಿವಾಸ್ ಅವರು ನಿರಾಯುಧರಾಗಿ ಕಾಡಿನೊಳಗೆ ನಡೆದರು. ಅದು ವಂಚನೆಯಾಗಿತ್ತು. ಅವರನ್ನು ಕ್ರೂರವಾಗಿ ಕೊಲ್ಲಲಾಯಿತು. ಆಗ ಅವರಿಗೆ 37 ವರ್ಷ. ಭಾರತ ಸರಕಾರವು 1992ರಲ್ಲಿ ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತು ಗೌರವಿಸಿತು.

ಹಾಗಾದರೆ ಪ್ರಯೋಗ ವಿಫಲವಾಯಿತೆ? ಈ ಪ್ರಶ್ನೆಯನ್ನು ಭಾವುಕತೆಯಿಂದ ತೇಲಿಸಿಬಿಡುವಂತಿಲ್ಲ. ವೀರಪ್ಪನ್ ಮನಸ್ಸು ಕರಗಲಿಲ್ಲವೆಂಬುದು ಸತ್ಯ. ಕೊನೆಯ ದಿನ ಇನ್ನಷ್ಟು ಎಚ್ಚರಿಕೆ ಬೇಕಿತ್ತೆಂಬ ಮಾತನ್ನೂ ತಳ್ಳಿಹಾಕಲಾಗದು. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. 1992ರಲ್ಲಿ ಕೌದಳ್ಳಿಗೆ ಸಮೀಪದ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಐವರು ಪೊಲೀಸರು ಹತರಾದರು. ಅದೇ ವರ್ಷ ಆಗಸ್ಟ್‌ನಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರೂ, ಸಬ್ ಇನ್‌ಸ್ಪೆಕ್ಟರ್ ಷಕೀಲ್ ಅಹಮದ್ ಅವರೂ ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರಿನ ಬಳಿ ನೆಲಬಾಂಬ್ ಸ್ಫೋಟಕ್ಕೆ 22 ಮಂದಿ ತುತ್ತಾದರು. 2000ದಲ್ಲಿ ವರನಟ ಡಾ. ರಾಜ್‌ಕುಮಾರ್ ಅವರು 108 ದಿನ ಅವನ ಸೆರೆಯಲ್ಲಿದ್ದರು. ವೀರಪ್ಪನ್ ಹತನಾದುದು 2004ರ ಅಕ್ಟೋಬರ್ 18ರಂದು. ಶೋಧಕಾರ್ಯದ ಹೆಸರಿನಲ್ಲಿ ಅಮಾಯಕರಿಗೆ ಆದ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿಸಿತು. ಬಲಪ್ರಯೋಗದ ಮಾರ್ಗವೂ ಅಗ್ಗವಾಗಿರಲಿಲ್ಲ. ಬೇಗನೆ ಮುಗಿಯಲೂ ಇಲ್ಲ.

ಪ್ರಜಾರಕ್ಷಣೆಯ ಹೊಣೆ ಹೊತ್ತವರಿಗೆ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ಜೈನಧರ್ಮವು ಒಪ್ಪುತ್ತದೆ. ಆಯುಧ ಹಿಡಿದು ಕರ್ತವ್ಯದಲ್ಲಿ ಮಡಿದವರ ತ್ಯಾಗವೂ ಪೂಜ್ಯವೇ. ಆದರೆ ಅನಿವಾರ್ಯವೆಂದು ಹೇಳುವ ಮುನ್ನ ಬೇರೆ ದಾರಿಯನ್ನು ಮನಃಪೂರ್ವಕವಾಗಿ ನಡೆದು ನೋಡಿರಬೇಕು. ಶ್ರೀನಿವಾಸ್ ಅವರು ಹಾಗೆ ನಡೆದು ನೋಡಿದವರು. ಅವರ ಧೈರ್ಯವನ್ನು ಕೊನೆಯ ದಿನದ ನಡಿಗೆಯೊಂದರಿಂದಲೇ ಅಳೆಯುವುದು ಸರಿಯಲ್ಲ. ಎಲ್ಲರೂ ಸಂಶಯಿಸುತ್ತಿದ್ದ ಜನರ ನಡುವೆ ಪ್ರತಿದಿನ ಬಾಗಿಲು ತೆರೆದಿಟ್ಟು ಬಾಳಿದುದೇ ಹೆಚ್ಚಿನ ಧೈರ್ಯ.

ಗೋಪಿನಾಥಂನ ಜನ ತಮ್ಮ ತೀರ್ಪನ್ನು ಎಂದೋ ಕೊಟ್ಟಿದ್ದಾರೆ. ಮಾರಿಯಮ್ಮನ ಗುಡಿಯಲ್ಲಿ ಶ್ರೀನಿವಾಸ್ ಅವರ ಭಾವಚಿತ್ರವನ್ನಿಟ್ಟು ಅವರು ಗೌರವಿಸುತ್ತಾರೆ. ಆ ಊರು ವೀರಪ್ಪನ್ ಊರೆಂದು ಹೊರಗಿನವರು ಕರೆದರೂ, ಊರಿನವರು ಕೈಮುಗಿದುದು ಇನ್ನೊಬ್ಬನಿಗೆ.

ಕುಟುಂಬದಲ್ಲಿ ಒಡಕು ಬಂದಾಗ, ವ್ಯವಹಾರದಲ್ಲಿ ನಂಬಿಕೆ ಕೆಟ್ಟಾಗ, ಬಸದಿಯ ಆಡಳಿತದಲ್ಲಿ ಎರಡು ಪಕ್ಷಗಳಾದಾಗ ನಾವೂ ದಂಡಿಸುವ ಹಳೆಯ ದಾರಿಯನ್ನೇ ನೆನೆಯುತ್ತೇವೆ. ಅಲ್ಲಿ ಪ್ರಾಣಭಯವಿಲ್ಲ, ಹೆಚ್ಚೆಂದರೆ ಸ್ವಲ್ಪ ಅಭಿಮಾನ ಹೋದೀತು. ಅಷ್ಟು ಅಲ್ಪ ಬೆಲೆಗೆ ದೊರೆಯುವ ಪ್ರಯೋಗವನ್ನಾದರೂ ಮಾಡಿ ನೋಡುವುದು ಶ್ರಾವಕರಾದವರಿಗೆ ಕಷ್ಟವಾಗಬಾರದು.