ಮನೆಯ ಹಳೆಯ ನಾಣ್ಯಗಳು: ಚಿತ್ರದುರ್ಗ ಸೀಮೆಯ ಒಂದು ಚಾರಿತ್ರಿಕ ಆಧಾರ

ಚಲಾವಣೆಯಿಂದ ಜಾರಿದ ನಾಣ್ಯಕ್ಕೆ ಎರಡು ಗತಿಗಳುಂಟು. ಕುಲುಮೆಗೆ ಬಿದ್ದು ಪಾತ್ರೆಯೋ ಒಡವೆಯೋ ಆಗುವುದು ಒಂದು. ಯಾರದೋ ಮನೆಯಲ್ಲಿ ನೆನಪಿನ ವಸ್ತುವಾಗಿ ಉಳಿಯುವುದು ಇನ್ನೊಂದು. ಮೊದಲನೆಯದು ಲೋಹದ ಚರಿತ್ರೆ. ಎರಡನೆಯದು ಮನುಷ್ಯರ ಚರಿತ್ರೆ. ಈ ಎರಡನೆಯ ಗತಿಯನ್ನು ಪಡೆದ ನಾಣ್ಯಗಳು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಇತಿಹಾಸಕ್ಕೆ ಯಾವ ರೀತಿಯಲ್ಲಿ ಆಧಾರಗಳಾಗಬಲ್ಲವು, ಅವು ಆಧಾರಗಳಾಗಿಯೇ ಉಳಿಯಬೇಕಾದರೆ ಮನೆಯವರು ಏನು ಮಾಡಬೇಕು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಾಣ್ಯವನ್ನು ನೆನಪಿಗಾಗಿ ಇಟ್ಟುಕೊಳ್ಳುವ ವಾಡಿಕೆ ಎಲ್ಲ ದೇಶಗಳಲ್ಲಿಯೂ ಇದೆ. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಒಂದು ಸೆಂಟಿನ ತಾಮ್ರದ ಕಾಸನ್ನು ಎರಡು ಉರುಳೆಗಳ ನಡುವೆ ಒತ್ತಿ, ನೀಳವಾಗಿ ಚಪ್ಪಟೆಮಾಡಿ, ಅದರ ಮೇಲೆ ಪ್ರದರ್ಶನದ ಹೆಸರನ್ನು ಮೂಡಿಸಿ ಕೊಡುತ್ತಿದ್ದರು. ಈಗಲೂ ಅಲ್ಲಿ ಯಾತ್ರಾಸ್ಥಳಗಳಿಗೆ ಹೋದ ಕುಟುಂಬಗಳು ಇಂತಹ ಒತ್ತುಗಾಸುಗಳನ್ನು ಕೂಡಿಸಿಡುತ್ತವೆ. ನಮ್ಮಲ್ಲಿ ಚಲಾವಣೆಯ ನಾಣ್ಯವನ್ನು ಕತ್ತರಿಸುವುದನ್ನೂ ಕರಗಿಸುವುದನ್ನೂ ನಾಶಪಡಿಸುವುದನ್ನೂ 2011ರ ನಾಣ್ಯಕಾನೂನು ನಿಷೇಧಿಸಿರುವುದರಿಂದ ಅಂತಹ ಪದ್ಧತಿ ಬೆಳೆಯಲು ಅವಕಾಶವಿಲ್ಲ. ಆದರೆ ನೆನಪಿನ ಕಾಸು ನಮಗೆ ಹೊಸದೇನೂ ಅಲ್ಲ. ಹರಕೆಹೊತ್ತು ಅರಿಸಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು, ತಾಯಿಯಿಂದ ಮಗಳಿಗೆ ಬಂದ ಕಾಸಿನ ಸರ, ಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಿ, ದೇವರ ಪೆಟ್ಟಿಗೆಯಲ್ಲಿರುವ ತಾಮ್ರದ ದುಡ್ಡುಗಳು, ಇವೆಲ್ಲವೂ ಒಂದೇ ಬಗೆಯ ಮನೋಧರ್ಮದಿಂದ ಉಳಿದುಬಂದವು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದ ಮೇಲೆ ಆಣೆ ಕಾಸುಗಳೂ ಕ್ರಮೇಣ ಈ ಗಂಟುಗಳನ್ನು ಸೇರಿದವು.

ಚಿತ್ರದುರ್ಗದ ನೆಲ ನಾಣ್ಯಗಳ ದೃಷ್ಟಿಯಿಂದ ಬಹು ಸಂಪನ್ನವಾದುದು. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಸಾತವಾಹನರ ನಾಣ್ಯಗಳು, ‘ಸದಕಣ ಕಳಲಾಯ ಮಹಾರಠಿ’ ಎಂಬ ಪ್ರಾಕೃತ ಬರಹವೂ ಗೂಳಿಯ ಚಿತ್ರವೂ ಉಳ್ಳ ಸೀಸದ ನಾಣ್ಯಗಳು, ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿಯ ನಾಣ್ಯಗಳು ಈ ಸ್ಥಳದಿಂದ ದೊರೆತಿವೆ. ಮಹಾರಠಿಗಳೆಂಬ ಅಧಿಕಾರಿಗಳು ಈ ಸೀಮೆಯಲ್ಲಿ ಸ್ವಂತ ನಾಣ್ಯ ಹೊರಡಿಸುವಷ್ಟು ಪ್ರಬಲರಾಗಿದ್ದರೆಂಬ ಸಂಗತಿಗೆ ಆ ಸೀಸದ ಬಿಲ್ಲೆಗಳೇ ಮುಖ್ಯ ಸಾಕ್ಷಿ. ಹೊಳಲ್ಕೆರೆಯ ನಾಯಕತನದಿಂದ ಮೇಲೆದ್ದು ದುರ್ಗವನ್ನು ಕೇಂದ್ರವಾಗಿ ಮಾಡಿಕೊಂಡ ಪಾಳೆಯಗಾರರಿಗೆ ದೇವಿಯ ಚಿತ್ರವುಳ್ಳ ‘ದುರ್ಗಿ ವರಾಹ’ವೆಂಬ ಚಿನ್ನದ ನಾಣ್ಯವನ್ನು ಹಿಂದಿನ ನಾಣ್ಯಶಾಸ್ತ್ರಜ್ಞರು ಸಲ್ಲಿಸಿದ್ದಾರೆ.

ಆದರೆ ಚಿನ್ನ ಬೆಳ್ಳಿಗಳು ಸಾಮಾನ್ಯ ಮನೆಗಳಲ್ಲಿ ಉಳಿಯುವುದು ವಿರಳ. ಉಳಿಯುವುದು ತಾಮ್ರ. ಅದರಲ್ಲಿಯೂ ಆನೆಯ ಚಿತ್ರವುಳ್ಳ ದಪ್ಪ ದುಡ್ಡು ಹಳೆಯ ಮೈಸೂರು ಸೀಮೆಯಲ್ಲಿ ಹೆಚ್ಚು ಪರಿಚಿತವಾದುದು. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 1779ರಲ್ಲಿ ಹೈದರಾಲಿ ಮದಕರಿನಾಯಕನಿಂದ ದುರ್ಗವನ್ನು ವಶಪಡಿಸಿಕೊಂಡನು. ಬಳಿಕ ಟೀಪು ತನ್ನ ಊರುಗಳಿಗೆಲ್ಲ ಪಾರಸಿ ಹೆಸರುಗಳನ್ನು ಇಟ್ಟಾಗ ಚಿತ್ರದುರ್ಗ ‘ಫರ್ರುಖ್‌ಯಾಬ್ ಹಿಸಾರ್’ ಎನಿಸಿತು. ಆ ಹೆಸರಿನಿಂದ ಇಲ್ಲಿನ ಟಂಕಸಾಲೆಯಲ್ಲಿ ತಾಮ್ರದ ನಾಣ್ಯಗಳು ಅಚ್ಚಾದವು. ಒಂದು ಮುಖದಲ್ಲಿ ಆನೆ. ಇನ್ನೊಂದು ಮುಖದಲ್ಲಿ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. 1787ರಿಂದ ಬಳಕೆಗೆ ಬಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಈ ಕ್ರಮವನ್ನು ಅರಿಯದವರಿಗೆ 1216 ಎಂಬುದು 6121 ಎಂದು ಕಂಡು ದಿಗ್ಭ್ರಮೆಯಾಗುವುದುಂಟು.

ಆನೆಯ ಚಿತ್ರ ಟೀಪುವಿನೊಡನೆ ಮುಗಿಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿಯೂ ಆನೆ ಇದೆ. ಅದರ ಮೇಲೆ ಸೂರ್ಯ ಚಂದ್ರರೂ ಕನ್ನಡದ ‘ಶ್ರೀ’ಕಾರವೂ ಇವೆ. ಕೆಲವಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವೂ ಬೆಲೆಯ ಅಂಕಿಯೂ ಕಾಣುತ್ತವೆ. ಆದುದರಿಂದ ಆನೆ ಒಂದನ್ನೇ ನೋಡಿ ನಾಣ್ಯದ ಕಾಲವನ್ನಾಗಲಿ ಸ್ಥಳವನ್ನಾಗಲಿ ನಿರ್ಣಯಿಸಲಾಗದು. ನಿರ್ಣಯವೆಲ್ಲವೂ ಕೂದಲೆಳೆಯಷ್ಟು ಎತ್ತರದ ಅಕ್ಷರಗಳ ಮೇಲೆ ನಿಂತಿದೆ. ಆನೆ ಉಬ್ಬಾಗಿರುವುದರಿಂದ ಬಹುಕಾಲ ಉಳಿಯುತ್ತದೆ. ಅಕ್ಷರಗಳು ಬೇಗ ಸವೆಯುತ್ತವೆ. ಅಕ್ಷರ ಸವೆದ ದಿನ ಆ ದುಡ್ಡು ಚಿತ್ರದುರ್ಗದ್ದೋ ಪಟ್ಟಣದ್ದೋ ನಗರದ್ದೋ ಎಂದು ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಹೀಗೆ ಸವೆಯಿಸುವವರು ಯಾರು? ಶತ್ರುಗಳಲ್ಲ, ನಾಣ್ಯವನ್ನು ಭಕ್ತಿಯಿಂದ ಕಾಪಾಡಿದ ಮನೆಯವರೇ. ಹಬ್ಬಹಬ್ಬಕ್ಕೂ ದೇವರ ಪಾತ್ರೆಗಳೊಡನೆ ಕಾಸುಗಳನ್ನೂ ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿ ಬೆಳಗುವುದು ನಮ್ಮ ಮನೆಗಳ ಪದ್ಧತಿ. ಹುಣಿಸೆಯ ಹುಳಿ ತಾಮ್ರದ ಮೇಲ್ಪದರವನ್ನು ಕರಗಿಸುತ್ತದೆ. ಬೂದಿ ಅಕ್ಷರಗಳ ಅಂಚನ್ನು ಉಜ್ಜಿ ತೆಗೆಯುತ್ತದೆ. ಹೊಳಪು ಬರುತ್ತದೆ, ಓದು ಹೋಗುತ್ತದೆ. ನೂರಾರು ವರ್ಷಗಳಿಂದ ಕೂಡಿಬಂದ ಕಂದುಬಣ್ಣದ ಪೊರೆ ಕೊಳೆಯಲ್ಲ, ಕವಚ. ಇದನ್ನು ಹೇಳುವಾಗ ಪೂಜೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆ ಪೂಜೆ ಇಲ್ಲದಿದ್ದರೆ ಈ ಕಾಸುಗಳು ಎಂದೋ ಕಂಚುಗಾರನ ಮೂಸೆಯನ್ನು ಸೇರುತ್ತಿದ್ದವು. ಅರಿಸಿನ ಕುಂಕುಮಗಳನ್ನು ನಾಣ್ಯವಿಟ್ಟ ಪೆಟ್ಟಿಗೆಗೆ ಹಚ್ಚಿದರೆ ಭಕ್ತಿಗೂ ಕೊರತೆಯಿಲ್ಲ, ಚರಿತ್ರೆಗೂ ಹಾನಿಯಿಲ್ಲ.

ಕಾಪಾಡುವ ಕ್ರಮ ಕಷ್ಟವಾದುದಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆವರಿನ ಉಪ್ಪು ಮುಖಕ್ಕೆ ತಗುಲಬಾರದು. ಒಂದೊಂದನ್ನೂ ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಬೇರೆಬೇರೆಯಾಗಿ ಇಡಬೇಕು. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಕೆಲವು ಕಾಲಾಂತರದಲ್ಲಿ ಜಿಗಿಟಾಗಿ ತಾಮ್ರಕ್ಕೆ ಹಸಿರು ಲೇಪ ಹತ್ತಿಸುತ್ತವೆ. ತೆಳುವಾದ ಗಟ್ಟಿ ಕಿಲುಬಿಗೆ ಅಂಜಬೇಕಾಗಿಲ್ಲ; ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಂಡರೆ ಅದು ರೋಗ, ಅಂತಹದನ್ನು ಉಳಿದವುಗಳಿಂದ ಬೇರ್ಪಡಿಸಿ ತೇವವಿಲ್ಲದ ಕಡೆ ಇಟ್ಟು ತಜ್ಞರಿಗೆ ತೋರಿಸಬೇಕು. ಸೀಸದ ನಾಣ್ಯವನ್ನು ಮರದ ಪೆಟ್ಟಿಗೆಯಲ್ಲಾಗಲಿ ರಟ್ಟಿನ ಡಬ್ಬಿಯಲ್ಲಾಗಲಿ ಇಡಲೇಬಾರದು. ಅವುಗಳಿಂದ ಹೊರಡುವ ಆಮ್ಲದ ಆವಿಗೆ ಸೀಸ ಬಿಳಿಯ ಪುಡಿಯಾಗಿ ಹೋಗುತ್ತದೆ.

ಲೋಹಕ್ಕಿಂತಲೂ ಬೇಗ ಅಳಿಯುವುದು ಮತ್ತೊಂದಿದೆ. ಅದು ನಾಣ್ಯದ ವೃತ್ತಾಂತ. ಯಾವ ಊರಿನಿಂದ ಬಂದಿತು, ಯಾರ ಪೆಟ್ಟಿಗೆಯಲ್ಲಿತ್ತು, ಹೊಲದಲ್ಲಿ ಸಿಕ್ಕಿತೋ ಮದುವೆಯಲ್ಲಿ ಬಂದಿತೋ ಎಂಬುದು ಮನೆಯ ಹಿರಿಯರಿಗೆ ಮಾತ್ರ ತಿಳಿದಿರುತ್ತದೆ. ಅವರೊಡನೆ ಅದೂ ಹೋಗುತ್ತದೆ. ಮನೆಯ ಮಕ್ಕಳು ಒಂದು ಪುಸ್ತಕದಲ್ಲಿ ಪ್ರತಿಯೊಂದು ನಾಣ್ಯಕ್ಕೂ ಸಂಖ್ಯೆಕೊಟ್ಟು, ತೂಕ ಅಳತೆಗಳನ್ನು ಬರೆದು, ಎರಡು ಮುಖಗಳ ಛಾಯಾಚಿತ್ರವನ್ನು ಅಂಟಿಸಿ, ಅಜ್ಜಿ ತಾತಂದಿರು ಹೇಳಿದುದನ್ನು ಅವರ ಮಾತಿನಲ್ಲಿಯೇ ದಾಖಲಿಸಿದರೆ ಆ ಪುಸ್ತಕ ನಾಣ್ಯದಷ್ಟೇ ಬೆಲೆಯುಳ್ಳದ್ದಾಗುತ್ತದೆ. ಹಾಗೆ ಬರೆಯುವಾಗ ಸತ್ಯಾಸತ್ಯಗಳ ವಿವೇಚನೆಯೂ ಬೇಕು. ಹನುಮಂತನ ಚಿತ್ರವನ್ನೂ 1616, 1818 ಮುಂತಾದ ವರ್ಷಗಳನ್ನೂ ಹೊತ್ತ ‘ಕಂಪನಿ ನಾಣ್ಯ’ಗಳು ಎಷ್ಟೋ ಮನೆಗಳಲ್ಲಿವೆ. ಅವು ಎಂದೂ ಚಲಾವಣೆಯಲ್ಲಿದ್ದವಲ್ಲ. ಈಚೆಗೆ ಮಾರಾಟಕ್ಕಾಗಿ ಮಾಡಿದ ಬಿಲ್ಲೆಗಳು. ಕಂಪನಿಯ ಏಕರೂಪದ ನಾಣ್ಯಗಳು ಮೊದಲಾದುದೇ 1835ರಲ್ಲಿ. ಇಂತಹವನ್ನು ಎಸೆಯಬೇಕಾಗಿಲ್ಲ, ನೆನಪಿನ ಬಿಲ್ಲೆಯೆಂದೇ ಬರೆದಿಟ್ಟರೆ ಸಾಕು.

ಕಾನೂನಿನ ಎರಡು ಮಾತುಗಳನ್ನೂ ಮರೆಯಬಾರದು. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ನಿಯಮ. ನೂರು ವರ್ಷ ತುಂಬಿದ ನಾಣ್ಯ 1972ರ ಶಾಸನದ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ.

ಚಂದ್ರವಳ್ಳಿಯ ಮಣ್ಣನ್ನು ಪದರಪದರವಾಗಿ ಬಿಡಿಸಿ ವಿದ್ವಾಂಸರು ಕಾಲನಿರ್ಣಯ ಮಾಡಿದರು. ಮನೆಯ ಪೆಟ್ಟಿಗೆಗಳಲ್ಲಿಯೂ ಅಂತಹ ಪದರಗಳಿವೆ. ಅವನ್ನು ಬಿಡಿಸಲು ಗುದ್ದಲಿ ಬೇಡ, ಹಿರಿಯರ ಮಾತನ್ನು ಕೇಳಿ ಬರೆದುಕೊಳ್ಳುವ ವ್ಯವಧಾನ ಬೇಕು. ಈ ನಾಲ್ಕು ತಾಲ್ಲೂಕುಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ಮುಂದಿನ ರಜದಲ್ಲಿ ತಮ್ಮ ಮನೆಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು. ಹಬ್ಬದ ಹುಣಿಸೆಹಣ್ಣು ನೆನೆಯುವ ಮೊದಲೇ ಆರಂಭಿಸಿದರೆ ಒಳ್ಳೆಯದು.